ಉಬ್ಬಿದ ಪನೀರ್ ಪ್ಯಾಕೆಟ್ ಮನೆಗೆ ತರಬೇಡಿ

ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಈ ದಿನಗಳಲ್ಲಿ ಪನೀರ್ ಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಕಳೆದ ಭಾನುವಾರ ಸೂಪರ್ ಮಾರ್ಕೆಟ್‌ನಿಂದ ತರಕಾರಿ ತಂದು, ಮನೆ ಹತ್ತಿರದ ಅಂಗಡಿಯಲ್ಲಿ 200 ಗ್ರಾಂ ಪನೀರ್ ತಗೊಂಡೆ. ಗಾಳಿ ತೆಗೆದು ಸೀಲ್ ಮಾಡಿದ ವ್ಯಾಕ್ಯೂಮ್ ಪ್ಯಾಕೆಟ್. ಆದರೆ ದಿಂಬಿನ ಹಾಗೆ ಉಬ್ಬಿತ್ತು. ಕೇಳಿದೆ. "ಬಿಸಲಿಗಿ ಹಂಗೇ ಉಬ್ತದ್ರಿ ಅಕ್ಕಾರ, ಏನಾಗಲ್ರಿ" ಅಂದರು. ತಾರೀಖು ನೋಡಿದೆ, ಇನ್ನೂ ಹತ್ತು ದಿನ ಇತ್ತು. ನಂಬಿದೆ.

ಕತ್ತರಿಸಿದಾಗ ಸ್ವಲ್ಪ ಹುಳಿ ವಾಸನೆ ಬಂತು. ಹೇಗೂ ಕುದಿಸುತ್ತೇವಲ್ಲ ಅಂದುಕೊಂಡೆ. ಆ ರಾತ್ರಿ ಮಗಳಿಗೆ ಬೆಳಗಿನವರೆಗೂ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಬೇಕಾಯ್ತು.

ಆಮೇಲೆ ಕೂತು ಓದಿ ತಿಳಿದುಕೊಂಡೆ. ವ್ಯಾಕ್ಯೂಮ್ ಪ್ಯಾಕ್ ಗಾಳಿಯನ್ನು ಹೊರಗಿಡುತ್ತದೆ, ಅದಕ್ಕೇ ಬೂಸ್ಟು ಬೇಗ ಹಿಡಿಯುವುದಿಲ್ಲ. ಆದರೆ ಗಾಳಿ ಇಲ್ಲದೆಯೂ ಬೆಳೆಯುವ ಬ್ಯಾಕ್ಟೀರಿಯಾ ಇವೆ. ಅವನ್ನು ತಡೆಯುವುದು ತಣ್ಣಗಿನ ಜಾಗ ಮಾತ್ರ, ಅಂದರೆ 5 ಡಿಗ್ರಿಗಿಂತ ಕಡಿಮೆ. ತಂಪು ತಪ್ಪಿದರೆ ಅವು ಬೆಳೆದು ಗ್ಯಾಸ್ ಬಿಡುತ್ತವೆ, ಪ್ಯಾಕೆಟ್ ಉಬ್ಬುತ್ತದೆ. ಮೇಲೆ ಬರೆದ ತಾರೀಖು ತಂಪು ತಪ್ಪದೇ ಇದ್ದರೆ ಮಾತ್ರ ನಿಜ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಇದೊಂದು ಮಾತು ನನಗೆ ಮೊದಲೇ ಗೊತ್ತಿದ್ದರೆ!

ಪ್ಲಾಸ್ಟಿಕ್ ಪನೀರಿಗೆ ಬಿಗಿಯಾಗಿ ಅಂಟಿಕೊಂಡಿದ್ದರೆ ಮಾತ್ರ ತಗೊಳ್ಳಿ. ಸಡಿಲ ಇದ್ದರೂ ಬೇಡ, ಸೀಲ್ ಬಿಟ್ಟಿರುತ್ತದೆ. ತುರಿದ ಚೀಸ್ ಪ್ಯಾಕೆಟ್ ಮಾತ್ರ ಬೇರೆ. ಅದರಲ್ಲಿ ಕಂಪನಿಯವರೇ ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ, ಸ್ವಲ್ಪ ಉಬ್ಬಿರುವುದು ಸಹಜ. ಆದರೆ ಯಾವ ಪ್ಯಾಕೆಟ್ ಆದರೂ ಒಮ್ಮೆ ಕತ್ತರಿಸಿದ ಮೇಲೆ ಆ ರಕ್ಷಣೆ ಮುಗಿಯಿತು. ಉಳಿದ ಪನೀರನ್ನು ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ, ಫ್ರಿಜ್‌ನ ಒಳಗೆ ಹಿಂದಿನ ಭಾಗದಲ್ಲಿ ಇಡಿ. ಬಾಗಿಲಲ್ಲಿ ಬೇಡ, ಅಲ್ಲಿ ಬಿಸಿ ಜಾಸ್ತಿ. ದಿನಾ ನೀರು ಬದಲಿಸಿ, ಎರಡು ದಿನದಲ್ಲಿ ಮುಗಿಸಿ.

ಮಗಳು ಈಗ ಹುಷಾರಾಗಿದ್ದಾಳೆ. ಮೊನ್ನೆ ಆ ಅಂಗಡಿಗೆ ಹೋಗಿ ಹೇಳಿದೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರಿಜ್ ಆಫ್ ಮಾಡುತ್ತಾರಂತೆ. ದುಡ್ಡು ವಾಪಸ್ ಕೊಟ್ಟರು. ಅದೇ ಫ್ರಿಜ್‌ನಲ್ಲಿ ಇನ್ನೂ ಮೂರು ಉಬ್ಬಿದ ಪ್ಯಾಕೆಟ್ ಇದ್ದವು.