ಪ್ಲ್ಯಾಂಕ್ಟನ್ ಬಲೆ: 60 ಮೈಕ್ರಾನ್ ಇದ್ದರೆ ತಗೊಳ್ಳಿ, 150ರದು ಬ್ಯಾಡ

ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು (ಪ್ಲ್ಯಾಂಕ್ಟನ್, ಅಂದರೆ ಪ್ಲವಕ) ಸೋಸಿ ಹಿಡಿಯುವ ಬಲೆ ಇದು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಈ ಬಲೆಯಲ್ಲಿ ಇರುವುದಿಷ್ಟು: 30 ಸೆಂ.ಮೀ. ಅಗಲದ ಕಡ (ಬಾಯಿಯ ಬಳೆ), ನೈಲಾನ್ ಬಟ್ಟೆಯ ಶಂಕು, ಮೂರು ಹುರಿ, ತುದಿಗೆ ಕ್ಲಿಪ್ ಹಾಕಿದ ನಳಿಕೆ. ಕಡ, ಹುರಿ ಹೇಗಿದ್ದರೂ ನಡೆದೀತು, ಬಟ್ಟೆಯ ಕಣ್ಣು, ಅಂದರೆ ನೇಯ್ಗೆಯ ತೂತು, ಮಾತ್ರ ಬರೋಬ್ಬರಿ ಇರಬೇಕು. ಅದರ ಅಳತೆಯೇ ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

150 ಮೈಕ್ರಾನಿನದು ಕಟ್ಟಿಕೊಳ್ಳುವುದಿಲ್ಲ, ತೊಳೆಯಲು ಸುಲಭ. ಆದರೆ ಅದರಲ್ಲಿ ಮಿಲಿಮೀಟರ್ ದಾಟುವ ಡಾಫ್ನಿಯಾ, ಬೆಳೆದ ಸೈಕ್ಲಾಪ್ಸ್ (ಎರಡೂ ಸಿಗಡಿ ಬಳಗದ ಸಣ್ಣ ನೀರುಜೀವಿಗಳು) ಸಿಗುತ್ತವೆ, ಅವಕ್ಕಿಂತ ಸಣ್ಣ ಜೀವಿಯಾದ ರೋಟಿಫರ್ ಮತ್ತು ಸೈಕ್ಲಾಪ್ಸ್ ಮರಿಗಳು ಬಹುತೇಕ ಸೋರಿಹೋಗುತ್ತವೆ. ಮೀನು ದಟ್ಟವಾಗಿರುವ ಕೆರೆಯಲ್ಲಿ ಉಳಿಯುವುದೇ ಈ ಸಣ್ಣವು. ಮೀನು ಕಣ್ಣಿಗೆ ಕಾಣುವ ದೊಡ್ಡ ಡಾಫ್ನಿಯಾವನ್ನು ಮೊದಲು ಆರಿಸಿ ತಿನ್ನುತ್ತದೆ. ಪಾಚಿಯನ್ನು ಚೆನ್ನಾಗಿ ಮೇಯುವುದೂ ಅದೇ ಡಾಫ್ನಿಯಾ. ಅದು ಹೋದಮೇಲೆ ನೀರು ಹಸಿರಾಗುತ್ತದೆ. ರೋಟಿಫರಿನ ಬಾಯಿಗೆ ಗುಂಪುಗಟ್ಟಿದ ಪಾಚಿ ಹಿಡಿಸುವುದಿಲ್ಲ. ಇಂಥ ನೀರಿನಲ್ಲಿ 150ರ ಬಲೆ ಎಳೆದು ‘ಏನೂ ಇಲ್ಲ’ ಎಂದು ಬರೆದುಕೊಂಡರೆ ಲೆಕ್ಕವೇ ತಪ್ಪು.

60ರ ಬಲೆಗೂ ಒಂದು ಕಾಟ ಇದೆ. ನವಲಗುಂದ, ಗದಗ ಕಡೆಯ ಎರೆಮಣ್ಣಿನ ಕೃಷಿಹೊಂಡಗಳಲ್ಲಿ ಮಳೆಯಾದ ಮೇಲೆ ಜೇಡಿ ಬಟ್ಟೆಯ ಕಣ್ಣು ಮುಚ್ಚುತ್ತದೆ, ನೀರು ಒಳಗೆ ಹೋಗದೆ ಬಾಯಿಂದಲೇ ಹೊರಳುತ್ತದೆ. ಲೆಕ್ಕದ ಪ್ರಕಾರ 5 ಮೀಟರ್ ಎಳೆದರೆ ಸುಮಾರು 350 ಲೀಟರ್ ಸೋಸಬೇಕು, ಸೋಸುವುದು ಅದರ ಅರ್ಧವೂ ಇರಲಿಕ್ಕಿಲ್ಲ. ಅಂತರಗಂಗೆ ಹಬ್ಬುವ ಉಣಕಲ್ ಕೆರೆಯಂಥಲ್ಲಿ ಬೇರಿಗೆ ಸಿಕ್ಕಿ ಬಲೆ ಹರಿಯುವ ಭಯ ಬೇರೆ. ಎರಡೂ ಕಡೆ ಎಳೆಯುವುದು ಬಿಟ್ಟು 10 ಲೀಟರ್ ಬಕೆಟ್‌ನಿಂದ ಐದು ಸಲ, ಬೇರೆ ಬೇರೆ ಜಾಗದ ನೀರನ್ನು ಬಲೆಯೊಳಗೆ ಸುರಿಯಿರಿ. ಸೂರ್ಯ ಏರುವ ಮೊದಲೇ ಮುಗಿಸಿ. ಬಿಸಿಲಾದರೆ ಡಾಫ್ನಿಯಾ ಮೀನಿಗೆ ಹೆದರಿ ಕೆಳಗೆ ಇಳಿದಿರುತ್ತದೆ.

ನಳಿಕೆಯಲ್ಲಿ ಬಂದದ್ದಕ್ಕೆ ಚಿಟಿಕೆ ಉಪ್ಪು ಹಾಕಿ, ಅಳತೆ ಕೊಳವೆಯಲ್ಲಿ ಅರ್ಧ ತಾಸು ನಿಲ್ಲಿಸಿ. ತಳದಲ್ಲಿ ಮೊದಲು ಕೂರುವ ಮಣ್ಣನ್ನು ಎಣಿಸಬೇಡಿ. 50 ಲೀಟರಿಗೆ 1ರಿಂದ 2 ಮಿ.ಲೀ. ಪ್ಲವಕ ಕೂತರೆ ಕಾಟ್ಲಾ ಮೀನಿನ ಮರಿ ಬಿಡಲು ಹೊಂಡ ಚಲೋ ಇದೆ ಎಂದರ್ಥ. ಅದರಲ್ಲಿ ಸೈಕ್ಲಾಪ್ಸ್ ಜಾಸ್ತಿ ಕಂಡರೆ ಮರಿ ಬಿಡದೆ ತಡೆಯಿರಿ, ಅದು ಆಗತಾನೆ ಮೊಟ್ಟೆಯಿಂದ ಬಂದ ಮೀನುಮರಿಯನ್ನೇ ಕಚ್ಚುತ್ತದೆ. ಆಮೇಲೆ ಎಣಿಸಲು ಕೆಡದಂತೆ ಇಡಬೇಕಿದ್ದರೆ 4% ಫಾರ್ಮಲಿನ್ ಹಾಕಿ. ಆಮೇಲೆ ಮಾಡುವುದೆಲ್ಲ ಸೂಕ್ಷ್ಮದರ್ಶಕದ ಕೆಲಸ.

ಕೊರತೆ ಎಂದರೆ ಕ್ಲಿಪ್. ಸ್ಪ್ರಿಂಗ್ ತುಕ್ಕು ಹಿಡಿದು ಸಡಿಲಾಗುತ್ತದೆ, ಸೋಸಿದ್ದೆಲ್ಲ ಕೆರೆಗೇ ಮರಳುತ್ತದೆ. ಸಲೈನ್ ನಳಿಕೆಗೆ ಬರುವ ಪ್ಲಾಸ್ಟಿಕ್ ಕ್ಲಾಂಪ್ ಹಾಕಿದರೆ ಸಾಕು. ಬಟ್ಟೆಯನ್ನು ಹಿಂಡಬಾರದು, ಹೊರಗಿನಿಂದ ನೀರು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸಬೇಕು. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ಹೊಲಿಗೆಯ ಸಾಲು ನೋಡಿ, ಸೂಜಿ ತೂತು ಅಲ್ಲೇ ಅಗಲವಾಗಿರುವುದು.