ಹಳದಿ ಬಣ್ಣವೇ ಮುಖ್ಯ ಸಾಕ್ಷಿ

ಕ್ರಿಮಿನಲ್ ವಕೀಲಿಕೆ ಮಾಡುವವನಿಗೆ ಪತ್ತೇದಾರಿ ಆಟ ಕೊಟ್ಟರೆ ಅವನು ಮೊದಲು ಹುಡುಕುವುದು ಅಪರಾಧಿಯನ್ನಲ್ಲ, ತನಿಖೆಯ ಲೋಪವನ್ನು. ಯೂಬಿಸಾಫ್ಟ್ 2020ರ ನವೆಂಬರ್‌ನಲ್ಲಿ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲ್ಲಾ’ ಎಂಬ ವಿಡಿಯೊ ಗೇಮ್‌ನ ಗ್ರಾಂಟಬ್ರಿಜ್ ಅಧ್ಯಾಯವನ್ನು ನಾನು ಆಡಿದ್ದು ಹಾಗೆಯೇ.

ಗ್ರಾಂಟಬ್ರಿಜ್ ಎಂದರೆ ಇಂದಿನ ಕೇಂಬ್ರಿಜ್. ಕ್ರಿ.ಶ. 874-75ರಲ್ಲಿ ಗುತ್ರಮ್ ಮೊದಲಾದ ನಾಯಕರ ಡೇನ್ (ವೈಕಿಂಗ್) ಸೈನ್ಯ ಅಲ್ಲಿ ಬೀಡುಬಿಟ್ಟಿದ್ದು ಇತಿಹಾಸ. ಆ ಊರನ್ನು ಆಳುವ ಸೋಮಾ ಎಂಬಾಕೆ ಮಾತ್ರ ಕಲ್ಪನೆಯ ಪಾತ್ರ. ವಿಗ್ಮಂಡ್ ಎಂಬ ಸ್ಯಾಕ್ಸನ್ ನಾಯಕನ ಜನ ಅವಳ ಸಭಾಗೃಹದ ಕೆಳಗಿನ ಗುಪ್ತ ಸುರಂಗದಿಂದ ನುಗ್ಗಿ ಊರನ್ನು ಕಸಿದುಕೊಂಡಿರುತ್ತಾರೆ. ಸುರಂಗದ ಗುಟ್ಟು ತಿಳಿದಿದ್ದವರು ಅವಳ ಮೂವರು ಆಪ್ತರು ಮಾತ್ರ: ಹಡಗು ಕಟ್ಟುವ ಲಿಫ್, ಹೋರಾಟಗಾರ್ತಿ ಬಿರ್ನಾ, ಮಿತಭಾಷಿ ಗಾಲಿನ್. ಊರನ್ನು ಮರಳಿ ಗೆದ್ದ ಮೇಲೆ ದ್ರೋಹಿ ಯಾರೆಂದು ಹೇಳುವ ಹೊಣೆ ನಾವು ಆಡಿಸುವ ವೈಕಿಂಗ್ ಪಾತ್ರ ಏವೋರ್‌ನ ಹೆಗಲಿಗೆ, ಅಂದರೆ ನಮ್ಮ ಹೆಗಲಿಗೆ ಬೀಳುತ್ತದೆ.

ಸ್ಥಳ ಪರಿಶೀಲನೆಯಲ್ಲಿ ಸಿಗುವ ಗಟ್ಟಿ ವಸ್ತು ಒಂದೇ, ಹಳದಿ ಬಣ್ಣ. ಕೆಸರು ನೆಲದಲ್ಲಿ ಅಲ್ಲಲ್ಲಿ ಚೆಲ್ಲಿದ ಅದರ ಜಾಡು ನದಿಯತ್ತ ಸಾಗುತ್ತದೆ; ಮುಂದೆ ಹಳದಿ ಬಳಿದ ಹಡಗೊಂದು ಕಾಣಿಸುತ್ತದೆ. ಬಣ್ಣ, ಹಡಗು ಎಂದ ಕೂಡಲೇ ಸಂಶಯ ಲಿಫ್‌ನ ಮೇಲೆ ಹೋಗುವುದು ಸಹಜ. ಆದರೆ ಕೊಡಲಿ ಕಮ್ಮಾರನದೆಂದ ಮಾತ್ರಕ್ಕೆ ಕೊಲೆಯೂ ಅವನದೇ ಆಗುವುದಿಲ್ಲ. ಬರಹಗಾರರು ಈ ಎಳೆಯನ್ನು ಜಾಣತನದಿಂದ ಹೆಣೆದಿದ್ದಾರೆ.

ತಕರಾರು ಇರುವುದು ತನಿಖೆಯ ವಿಧಾನದ ಬಗ್ಗೆ. ‘ಓಡಿನ್ ದೃಷ್ಟಿ’ಯ ಗುಂಡಿ ಒತ್ತಿದರೆ ಸಾಕು, ಬೇಕಾದ ವಸ್ತು ತಾನೇ ಹೊಳೆದು ‘ನಾನು ಸಾಕ್ಷ್ಯ’ ಎಂದು ಕೈಯೆತ್ತುತ್ತದೆ. ಇಂಥ ಸೌಲಭ್ಯವಿದ್ದರೆ ನಮ್ಮ ಠಾಣೆಗಳಲ್ಲಿ ಪಂಚನಾಮೆ ಬರೆಯುವವರು ಹಬ್ಬ ಮಾಡುತ್ತಿದ್ದರು. ಅದಕ್ಕಿಂತ ದೊಡ್ಡ ಕೊರತೆ ಪಾಟಿ ಸವಾಲಿನದು. ಮೂವರೂ ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಾರೆ. ‘ಆ ರಾತ್ರಿ ನೀನು ಅಲ್ಲಿದ್ದೆ ಎನ್ನುತ್ತೀ, ನಿನ್ನನ್ನು ನೋಡಿದವರು ಯಾರು?’ ಎಂದು ಒಬ್ಬನನ್ನಾದರೂ ಮೂಲೆಗೆ ತಳ್ಳಬೇಕೆಂದು ನಾಲಿಗೆ ತುರಿಸುತ್ತಿತ್ತು; ಆ ಪ್ರಶ್ನೆ ಪಟ್ಟಿಯಲ್ಲೇ ಇಲ್ಲ. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ 1984ರಲ್ಲೇ ವಿವರವಾಗಿ ಹೇಳಿದೆ. ಆ ಅಳತೆಗೋಲು ಹಿಡಿದರೆ ಈ ಪ್ರಕರಣದಲ್ಲಿ ಮೂವರಿಗೂ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಬೇಕಾಗುತ್ತದೆ.

ಆದರೂ ಈ ಅಧ್ಯಾಯ ನನ್ನನ್ನು ಹಿಡಿದು ಕೂರಿಸಿತು. ಕಾರಣ ಸೋಮಾ. ಅವಳಿಗೆ ಬೇಕಾಗಿರುವುದು ವಿಚಾರಣೆಯಲ್ಲ, ಒಂದು ಹೆಸರು. ನಾವು ಹೆಸರು ಹೇಳುತ್ತೇವೆ, ಶಿಕ್ಷೆ ಅಲ್ಲೇ, ಆಗಲೇ, ಅವಳ ಕೈಯಿಂದಲೇ. ಮೇಲ್ಮನವಿ ಇಲ್ಲ, ತಡೆಯಾಜ್ಞೆ ಇಲ್ಲ. ಜೊತೆಗೆ ಉಂಡು, ಜೊತೆಗೆ ಕಾದಾಡಿದವರ ನಡುವಿನಿಂದ ಒಬ್ಬರನ್ನು ಆರಿಸುವಾಗ ಅವಳ ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚು ಕಾಣುತ್ತದೆ. ತಪ್ಪು ಹೆಸರು ಹೇಳಿದರೂ ಆಟ ತಡೆಯುವುದಿಲ್ಲ, ನಿರಪರಾಧಿ ಸಾಯುತ್ತಾರೆ, ಕಥೆ ಮುಂದುವರಿಯುತ್ತದೆ. ಹೆಣ್ಣೊಬ್ಬಳ ಅಧಿಕಾರವನ್ನು ಇಷ್ಟು ಸಹಜವಾಗಿ, ಭಾಷಣ ಬಿಗಿಯದೆ ತೋರಿಸಿದ್ದಕ್ಕೂ ಪೂರ್ತಿ ಅಂಕ ಕೊಡುತ್ತೇನೆ.

ಜೌಗುನಾಡಿನ ಚಿತ್ರಣ ಚೆನ್ನಾಗಿದೆ. ಮಂಜು, ಜೊಂಡು, ನಿಂತ ನೀರು. ಕಾಳಗಗಳು ಮಾಮೂಲು.

ಆಡುವವರಿಗೆ ಒಂದೆರಡು ಮಾತು. ಆಟ ಈ ಸೀಮೆಗೆ ಸೂಚಿಸುವ ಶಕ್ತಿ, ಅಂದರೆ ನಮ್ಮ ಪಾತ್ರ ಮುಟ್ಟಿರಬೇಕಾದ ಬಲದ ಮಟ್ಟ, ಕೇವಲ 20, ಹೊಸಬರೂ ಧೈರ್ಯವಾಗಿ ಹೋಗಬಹುದು. ಪಾತ್ರಗಳ ಇಂಗ್ಲಿಷ್ ಉಚ್ಚಾರಣೆ ಗಡುಸು, ಸುಳಿವುಗಳು ಮಾತಿನ ನಡುವೆ ಜಾರಿಹೋಗುತ್ತವೆ, ಅಡಿಬರಹ ಹಾಕಿಕೊಳ್ಳಿ. ಮೂವರು ಆರೋಪಿಗಳಷ್ಟೇ ಅಲ್ಲ, ಊರಿನ ಜನರನ್ನೂ ಮಾತನಾಡಿಸಿ. ದ್ರೋಹಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸೋಮಾಳ ಮುಂದೆ ನಿಲ್ಲುವ ಮೊದಲು ಆಟವನ್ನು ಸೇವ್ ಮಾಡಿಟ್ಟುಕೊಳ್ಳಿ. ನಮ್ಮ ಕಕ್ಷಿದಾರರಿಗಿಲ್ಲದ ಅನುಕೂಲ ಅದು.