ಕೀವಿನ ಸ್ಯಾಂಪಲ್‌ಗೆ ಯಾವುದು ಒಳ್ಳೆಯದು: ಸ್ವಾಬಾ, ಸಿರಿಂಜಾ, ಆರ್‌ಸಿಎಂ ಬಾಟಲಾ?

ಮೈಸೂರಿನ ನಮ್ಮ ಲ್ಯಾಬಿಗೆ ಅನೇರೋಬಿಕ್ ಕಲ್ಚರ್‌ಗೆ, ಅಂದರೆ ಗಾಳಿ ತಗುಲಿದರೆ ಸಾಯುವ ಬ್ಯಾಕ್ಟೀರಿಯಾವನ್ನು (ಅನೇರೋಬ್) ಬೆಳೆಸಿ ನೋಡುವ ಟೆಸ್ಟಿಗೆ, ಎರಡು ಕಡೆಯಿಂದ ಕೀವು ಬರುತ್ತದೆ. ಒಂದು ಮೇಲಿನ ಮಹಡಿಯ ವಾರ್ಡಿನಿಂದ, ಇನ್ನೊಂದು ಮಂಡ್ಯ, ಮದ್ದೂರಿನ ಕಡೆಯಿಂದ ಬಸ್ಸಲ್ಲೋ ಬೈಕಲ್ಲೋ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹೊಟ್ಟೆಯೊಳಗೆ ಕಟ್ಟಿದ ಕೀವು, ಹಲ್ಲಿನ ಬುಡದ ಕುರು, ಇವೇ ಜಾಸ್ತಿ. ಒಂದೇ ಕುರುವಿನ ಕೀವನ್ನು ಬೇರೆ ಬೇರೆ ರೀತಿಯಲ್ಲಿ ತರಿಸಿ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್‌ಗೆ ಹಾಕಿ ನೋಡಿದ್ದೇವೆ, ಅದರ ಮೇಲೆ ಹೇಳುತ್ತಿದ್ದೇನೆ.

ಒಣ ಸ್ವಾಬ್, ಅಂದರೆ ತುದಿಗೆ ಹತ್ತಿ ಸುತ್ತಿದ ಕಡ್ಡಿ, ಬೇಡವೇ ಬೇಡ. ಹತ್ತಿಗೆ ಅಂಟುವುದೇ ಒಂಚೂರು ಕೀವು, ಅದೂ ದಾರಿಯಲ್ಲಿ ಒಣಗುತ್ತದೆ, ಸುತ್ತ ಗಾಳಿ ಬೇರೆ. ಗ್ರಾಂ ಸ್ಟೈನ್ ಮಾಡಿದರೆ, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಕಡ್ಡಿ ಆಕಾರದ ಗುಲಾಬಿ ಬ್ಯಾಕ್ಟೀರಿಯಾ ರಾಶಿ ಕಾಣುತ್ತವೆ, 48 ಗಂಟೆ ಆದ ಮೇಲೆ ಆಕ್ಸಿಜನ್ ಇಲ್ಲದ ಜಾರ್ ತೆಗೆದರೆ ಪ್ಲೇಟ್ ಖಾಲಿ. ರೋಗಿಯ ಮೈಯಲ್ಲಿ ಇದ್ದದ್ದು ದಾರಿಯಲ್ಲಿ ಸತ್ತಿದೆ ಅಷ್ಟೇ, ಆದರೆ ರಿಪೋರ್ಟ್‌ನಲ್ಲಿ 'ಬೆಳವಣಿಗೆ ಇಲ್ಲ' ಅಂತ ಹೋಗುತ್ತದೆ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ.

ಅದೇ ಕಟ್ಟಡದೊಳಗೆ ಆದರೆ ಸಿರಿಂಜನ್ನು ಮೀರಿಸುವುದಿಲ್ಲ. ಚರ್ಮ ಚೆನ್ನಾಗಿ ಒರೆಸಿ, ಆಳದಿಂದ ಕೀವು ಎಳೆದು, ಒಳಗಿನ ಗಾಳಿ ಪೂರ್ತಿ ಹೊರಗೆ ತಳ್ಳಿ, ಸೂಜಿ ತೆಗೆದು ಸ್ಟೆರೈಲ್ ಕ್ಯಾಪ್ ಹಾಕಬೇಕು. ಸೂಜಿ ಸಮೇತ ಕಳಿಸಬೇಡಿ, ತರುವವರ ಕೈಗೆ ಚುಚ್ಚುತ್ತದೆ. ಆದರೆ ಪ್ಲಾಸ್ಟಿಕ್ ಮೂಲಕ ಗಾಳಿ ನಿಧಾನಕ್ಕೆ ಒಳಗೆ ನುಗ್ಗುತ್ತದೆ, ಹಾಗಾಗಿ ಅರ್ಧ ಗಂಟೆಯೊಳಗೆ ಲ್ಯಾಬ್ ಸೇರಬೇಕು. ಮಂಡ್ಯದಿಂದ ಅದು ಆಗದ ಮಾತು.

ದೂರದವರಿಗೆ ಆರ್‌ಸಿಎಂ, ಅಂದರೆ ರಾಬರ್ಟ್‌ಸನ್ ಕುಕ್ಡ್ ಮೀಟ್, ಕೈಗೆಟುಕುವ ದಾರಿ. ತಳದಲ್ಲಿ ಬೇಯಿಸಿದ ಮಾಂಸದ ಚೂರು, ಮೇಲೆ ಸಾರು. ಆ ಚೂರುಗಳೇ ಆಕ್ಸಿಜನ್ ಹೀರಿಕೊಳ್ಳುತ್ತವೆ, ಅದಕ್ಕೇ ಕೀವನ್ನು ಸುಮ್ನೆ ಮೇಲೆ ಸುರಿಯದೆ ತಳಕ್ಕೆ, ಮಾಂಸದ ಹತ್ತಿರ ಬಿಡಬೇಕು. ಒಂದು ತೊಂದರೆ ಇದೆ. ದಾರಿಯಲ್ಲೇ ಇ. ಕೋಲೈ ತರಹದ ಬೇರೆ ಬ್ಯಾಕ್ಟೀರಿಯಾ ಬೇಗ ಬೆಳೆದು ಉಳಿದವನ್ನು ಮುಚ್ಚಿಬಿಡುತ್ತದೆ, ಯಾವುದು ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅದೇ ಕೀವಿನ ಒಂದು ಸ್ಮಿಯರ್ ಸ್ಲೈಡ್ (ಗಾಜಿನ ಮೇಲೆ ತೆಳ್ಳಗೆ ಸವರಿದ್ದು) ಜೊತೆಗೆ ಬಂದರೆ ನಮಗೆ ದೊಡ್ಡ ಉಪಕಾರ.

ದುಡ್ಡಿಗೆ ತೊಂದರೆ ಇಲ್ಲದಿದ್ದರೆ ಅನೇರೋಬಿಕ್ ಟ್ರಾನ್ಸ್‌ಪೋರ್ಟ್ ವಯಲ್, ಅಂದರೆ ಅನೇರೋಬ್‌ಗಳನ್ನು ಸಾಗಿಸಲೆಂದೇ ಇರುವ ಸಣ್ಣ ಸೀಸೆ, ಎಲ್ಲಕ್ಕಿಂತ ಮೇಲು. ಅದರ ಜೆಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸುವುದಿಲ್ಲ, ಬದುಕಿಸಿ ಇಡುತ್ತದೆ. ಅದರಲ್ಲಿರುವ ರೆಸಜುರಿನ್ ಅನ್ನುವ ಬಣ್ಣ ಗುಲಾಬಿಗೆ ತಿರುಗಿದ್ದರೆ ಗಾಳಿ ಹೊಕ್ಕಿದೆ ಅಂತ ಅರ್ಥ, ಕೀವು ಹಾಕುವ ಮೊದಲೇ ಬಣ್ಣ ನೋಡಿ, ಗುಲಾಬಿ ಇದ್ದರೆ ಬಿಸಾಕಿ.

ಇವುಗಳಲ್ಲಿ ಯಾವುದೇ ಇರಲಿ, ಐಸ್ ಬಾಕ್ಸ್ ಬೇಡ. ತಣ್ಣಗಾದಷ್ಟೂ ಆಕ್ಸಿಜನ್ ಜಾಸ್ತಿ ಕರಗುತ್ತದೆ ಅಲ್ವಾ, ರೂಮಿನ ಬಿಸಿಯಲ್ಲೇ ಕಳಿಸಿ. ಕಫ, ಗಂಟಲಿನ ಸ್ವಾಬ್, ಹಾಗೇ ಹಿಡಿದ ಮೂತ್ರ ಈ ಟೆಸ್ಟಿಗೆ ಕಳಿಸಬೇಡಿ, ಅಲ್ಲಿ ಅನೇರೋಬ್‌ಗಳು ಹೇಗೂ ಇದ್ದೇ ಇರುತ್ತವೆ. ಫಾರ್ಮ್ ಮೇಲೆ ಕೀವು ತೆಗೆದ ಸಮಯ ಬರೆಯಿರಿ, ಅನೇರೋಬ್‌ಗಳನ್ನು ಕೊಲ್ಲುವ ಔಷಧಿ ಮೆಟ್ರೋನಿಡಜೋಲ್ ಶುರುವಾಗಿದ್ದರೆ ಅದನ್ನೂ.